ತರಗತಿಯಿಂದ ಶಾಸನಸಭೆಗೆ: ಪ್ರಾಧ್ಯಾಪಕ ಅಂಬೇಡ್ಕರರ ಸಾರ್ವಜನಿಕ ಬದುಕು

ಪ್ರತಿ ವರ್ಷ ಡಿಸೆಂಬರ್ 6ರಂದು ದಾದರ್ ನಿಲ್ದಾಣದಿಂದ ಶಿವಾಜಿ ಪಾರ್ಕಿನ ಕಡೆಗೆ ಹರಿಯುವ ಜನಸಾಗರವನ್ನು ಮುಂಬಯಿಯಲ್ಲಿ ನೆಲೆಸಿರುವ ನಮಗೆಲ್ಲ ಕಂಡು ಗೊತ್ತು. ಚೈತ್ಯಭೂಮಿಗೆ ಹೋಗುವ ಆ ಜನರಲ್ಲಿ ಅನೇಕರು ಹಿಂದಿರುಗುವಾಗ ಕೈಯಲ್ಲಿ ಪುಸ್ತಕಗಳನ್ನು ಹಿಡಿದಿರುತ್ತಾರೆ. ಒಬ್ಬ ನಾಯಕನ ಪುಣ್ಯತಿಥಿಯಂದು ಪುಸ್ತಕದ ಅಂಗಡಿಗಳ ಮುಂದೆ ಜನ ಸಾಲುಗಟ್ಟಿ ನಿಲ್ಲುವುದು ಅಪರೂಪದ ಸಂಗತಿಯೇ ಸರಿ. ಆದರೆ ಆ ನಾಯಕ ಮೂಲತಃ ಒಬ್ಬ ಅಧ್ಯಾಪಕನಾಗಿದ್ದನೆಂಬುದನ್ನು ನೆನೆದರೆ ಇದರಲ್ಲಿ ಅಚ್ಚರಿಯೇನೂ ಕಾಣದು.

ಡಾ. ಬಾಬಾಸಾಹೇಬ ಅಂಬೇಡ್ಕರರನ್ನು ಸಂವಿಧಾನ ಶಿಲ್ಪಿಯೆಂದೂ, ದಲಿತರ ವಿಮೋಚಕರೆಂದೂ ನಾಡು ಸ್ಮರಿಸುತ್ತದೆ. ಅವರು ಮುಂಬಯಿಯ ಕಾಲೇಜುಗಳಲ್ಲಿ ಪಾಠ ಹೇಳಿದ ಪ್ರಾಧ್ಯಾಪಕರಾಗಿದ್ದರು, ಕಾನೂನು ಕಾಲೇಜೊಂದರ ಪ್ರಾಂಶುಪಾಲರಾಗಿದ್ದರು, ಇದೇ ನಗರದ ಗಿರಣಿ ಪ್ರದೇಶದ ಬೀದಿಗಳಲ್ಲಿ ಮತ ಕೇಳಿದ ಅಭ್ಯರ್ಥಿಯಾಗಿದ್ದರು ಎಂಬ ಸಂಗತಿಗಳು ಮಾತ್ರ ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಪ್ರತಿಯೊಬ್ಬ ವಯಸ್ಕನಿಗೂ ಮತದಾನದ ಹಕ್ಕು ಬೇಕೆಂದು ವಾದಿಸಿದ ಈ ಮಹನೀಯರು ಜನರ ನೇರ ಮತದಿಂದ ಗೆದ್ದದ್ದು ಒಮ್ಮೆ ಮಾತ್ರ; ಸೋತದ್ದು ಎರಡು ಬಾರಿ. ಆ ಎರಡೂ ಸೋಲುಗಳು ಬಂದದ್ದು ಅವರೇ ಮುಂದೆ ನಿಂತು ರೂಪಿಸಿದ ಸಂವಿಧಾನವು ಜಾರಿಗೆ ಬಂದ ಮೇಲೆ. ಸಂವಿಧಾನವನ್ನು ಕಲಿಸಿದವನು, ಬರೆದವನು, ಅದರ ಪರೀಕ್ಷೆಯಲ್ಲಿ ತಾನೇ ಸೋತಾಗ ಹೇಗೆ ನಡೆದುಕೊಂಡ ಎಂಬ ದೃಷ್ಟಿಯಿಂದ ಅವರ ಬದುಕನ್ನು ಅವಲೋಕಿಸುವುದು ಈ ಲೇಖನದ ಉದ್ದೇಶ.

ಅಂಬೇಡ್ಕರರು ಜನಿಸಿದ್ದು 1891ರ ಏಪ್ರಿಲ್ 14ರಂದು, ಮಧ್ಯಭಾರತದ ಮಹೂ ಎಂಬ ದಂಡಿನ ಊರಿನಲ್ಲಿ. ತಂದೆ ರಾಮಜಿ ಸಕ್ಪಾಲರು ಸೇನೆಯಲ್ಲಿ ಸುಬೇದಾರರಾಗಿದ್ದವರು. ಮಹಾರ್ ಜಾತಿಯಲ್ಲಿ ಹುಟ್ಟಿದ ಬಾಲಕನಿಗೆ ಶಾಲೆಯಲ್ಲಿ ಎಲ್ಲರೊಡನೆ ಕುಳಿತುಕೊಳ್ಳುವ ಭಾಗ್ಯವಾಗಲಿ, ಬಾಯಾರಿದಾಗ ತಾನೇ ನೀರು ತೆಗೆದುಕೊಂಡು ಕುಡಿಯುವ ಸ್ವಾತಂತ್ರ್ಯವಾಗಲಿ ಇರಲಿಲ್ಲ. ಕುಟುಂಬವು ಮುಂಬಯಿಗೆ ಬಂದು ಪರೇಲ್‌ನ ಚಾಳಿನಲ್ಲಿ ನೆಲೆಸಿದ ಮೇಲೆ ಎಲ್ಫಿನ್‌ಸ್ಟನ್ ಪ್ರೌಢಶಾಲೆ ಸೇರಿ 1907ರಲ್ಲಿ ಮೆಟ್ರಿಕ್ ತೇರ್ಗಡೆಯಾದರು. 1912ರಲ್ಲಿ ಪದವಿ ಪಡೆದರು. ಬಡೋದೆಯ ಮಹಾರಾಜ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನದಿಂದ 1913ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೂ, 1916ರಲ್ಲಿ ಲಂಡನ್ನಿಗೂ ತೆರಳಿದರು. ವಿದ್ಯಾರ್ಥಿವೇತನದ ಅವಧಿ ಮುಗಿದದ್ದರಿಂದ ಓದನ್ನು ಅರ್ಧಕ್ಕೆ ನಿಲ್ಲಿಸಿ 1917ರಲ್ಲಿ ಸ್ವದೇಶಕ್ಕೆ ಮರಳಬೇಕಾಯಿತು.

ಕರಾರಿನಂತೆ ಬಡೋದೆ ಸಂಸ್ಥಾನದ ಸೇವೆಗೆ ಸೇರಿದ ಆ ವಿದ್ಯಾವಂತನಿಗೆ ಅಲ್ಲಿ ತಂಗಲು ಒಂದು ಕೋಣೆಯೂ ಸಿಗಲಿಲ್ಲ. ಪಾರ್ಸಿ ವಸತಿಗೃಹವೊಂದರಲ್ಲಿ ಆಶ್ರಯ ಪಡೆದಿದ್ದ ಅವರನ್ನು ಜಾತಿ ತಿಳಿದ ಕೂಡಲೇ ಜನರು ಗುಂಪುಗೂಡಿ ಬಂದು ಹೊರಹಾಕಿದರು. ವಿದೇಶದ ಎರಡು ಮಹಾನಗರಗಳಲ್ಲಿ ಓದಿ ಬಂದವರು ಸಾರ್ವಜನಿಕ ಉದ್ಯಾನವೊಂದರಲ್ಲಿ ಕುಳಿತು ಕಣ್ಣೀರಿಟ್ಟು ಮುಂಬಯಿಗೆ ಮರಳಿದರು.

ಮುಂಬಯಿಯಲ್ಲಿ 1918ರ ನವೆಂಬರಿನಲ್ಲಿ ಸಿಡೆನ್‌ಹ್ಯಾಮ್ ವಾಣಿಜ್ಯ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿ ಅವರು ನೇಮಕಗೊಂಡರು. ಅಸ್ಪೃಶ್ಯನೊಬ್ಬ ಏನು ಕಲಿಸಿಯಾನೆಂದು ಮೊದಮೊದಲು ಉದಾಸೀನರಾಗಿದ್ದ ವಿದ್ಯಾರ್ಥಿಗಳು ಕ್ರಮೇಣ ಅವರ ಪಾಠಕ್ಕೆ ಮನಸೋತರು. ಬೇರೆ ಕಾಲೇಜುಗಳ ವಿದ್ಯಾರ್ಥಿಗಳೂ ಬಂದು ಕುಳಿತುಕೊಳ್ಳುತ್ತಿದ್ದರು. ಆದರೆ ಅಧ್ಯಾಪಕರ ಕೊಠಡಿಯಲ್ಲಿದ್ದ ಕುಡಿಯುವ ನೀರಿನ ಪಾತ್ರೆಯನ್ನು ಅವರು ಮುಟ್ಟುವುದಕ್ಕೆ ಕೆಲವು ಸಹೋದ್ಯೋಗಿಗಳು ಆಕ್ಷೇಪಿಸಿದರು. ತರಗತಿಯೊಳಗೆ ಗೌರವ, ಅದರ ಹೊರಗೆ ಅಪಮಾನ. ವಿದ್ಯೆಯೊಂದರಿಂದಲೇ ಜಾತಿಯ ಗೋಡೆ ಬೀಳುವುದಿಲ್ಲ, ಅದಕ್ಕೆ ಕಾನೂನಿನ ಬಲವೂ ರಾಜಕೀಯ ಅಧಿಕಾರವೂ ಬೇಕು ಎಂಬ ಅವರ ನಿಲುವಿನ ಹಿಂದೆ ಇಂತಹ ಅನುಭವಗಳಿದ್ದುವು.

ಅಧ್ಯಾಪಕರಾಗಿದ್ದಾಗಲೇ, 1919ರ ಜನವರಿಯಲ್ಲಿ, ಮತದಾನದ ಹಕ್ಕಿನ ಬಗ್ಗೆ ವಿಚಾರಿಸುತ್ತಿದ್ದ ಸೌತ್‌ಬರೊ ಸಮಿತಿಯ ಮುಂದೆ ಅವರು ಸಾಕ್ಷ್ಯ ನುಡಿದರು. ಆಗ ಮತದಾನದ ಹಕ್ಕು ಆಸ್ತಿವಂತರಿಗೂ ತೆರಿಗೆ ಕಟ್ಟುವವರಿಗೂ ಮೀಸಲಾಗಿತ್ತು. ಆಸ್ತಿ ಮಾಡಲು ಸಮಾಜವೇ ಬಿಡದ ಜನರಿಗೆ ಆಸ್ತಿಯ ಅರ್ಹತೆಯನ್ನು ವಿಧಿಸುವುದು ಎಂತಹ ನ್ಯಾಯವೆಂಬುದು ಅವರ ವಾದದ ತಿರುಳಾಗಿತ್ತು. ಮುಂದೆ ಸೈಮನ್ ಆಯೋಗದ ಮುಂದೆಯೂ ವಯಸ್ಕರೆಲ್ಲರಿಗೂ ಮತದಾನದ ಹಕ್ಕು ಬೇಕೆಂದೇ ಅವರು ಪ್ರತಿಪಾದಿಸಿದರು.

1920ರಲ್ಲಿ ಕೆಲಸಕ್ಕೆ ರಾಜೀನಾಮೆಯಿತ್ತು, ತಾವು ಉಳಿಸಿದ ಹಣ, ಕೊಲ್ಲಾಪುರದ ಶಾಹು ಮಹಾರಾಜರ ನೆರವು ಹಾಗೂ ಪಾರ್ಸಿ ಮಿತ್ರ ನವಲ್ ಭಥೇನಾ ಅವರ ಸಾಲದೊಂದಿಗೆ ಮತ್ತೆ ಲಂಡನ್ನಿಗೆ ಹೋದರು. ಗ್ರೇಸ್ ಇನ್ನಿನಿಂದ ಬ್ಯಾರಿಸ್ಟರಾಗಿ 1923ರಲ್ಲಿ ಹಿಂದಿರುಗಿದರು; ರೂಪಾಯಿಯ ಸಮಸ್ಯೆಯನ್ನು ಕುರಿತ ಪ್ರಬಂಧಕ್ಕೆ ಡಿ.ಎಸ್‌ಸಿ. ಪದವಿಯನ್ನೂ ಪಡೆದರು. ಮುಂಬಯಿ ಹೈಕೋರ್ಟಿನಲ್ಲಿ ವಕೀಲಿ ಆರಂಭಿಸಿದರೂ ಅಸ್ಪೃಶ್ಯ ವಕೀಲನ ಬಳಿಗೆ ಕಕ್ಷಿದಾರರು ಸುಲಭವಾಗಿ ಬರುತ್ತಿರಲಿಲ್ಲ. ಸಂಸಾರ ನಡೆಯಬೇಕಲ್ಲ! 1925ರಿಂದ 1928ರವರೆಗೆ ಬಾಟ್ಲಿಬಾಯ್ ಅವರ ಲೆಕ್ಕಶಾಸ್ತ್ರ ತರಬೇತಿ ಸಂಸ್ಥೆಯಲ್ಲಿ ವ್ಯಾಪಾರಿ ಕಾನೂನನ್ನು ಅರೆಕಾಲಿಕವಾಗಿ ಕಲಿಸಿದರು. 1928ರ ಜೂನಿನಲ್ಲಿ ಸರ್ಕಾರಿ ಕಾನೂನು ಕಾಲೇಜಿನಲ್ಲಿ ತಾತ್ಕಾಲಿಕ ಪ್ರಾಧ್ಯಾಪಕರಾಗಿ ಸೇರಿ ಮುಂದಿನ ವರ್ಷದ ಮಾರ್ಚ್‌ವರೆಗೆ ಅಲ್ಲಿದ್ದರು.

ಈ ನಡುವೆ ಅವರು ಶಾಸನಸಭೆಯನ್ನೂ ಪ್ರವೇಶಿಸಿದ್ದರು. 1927ರ ಆರಂಭದಲ್ಲಿ ಮುಂಬಯಿ ಶಾಸನ ಪರಿಷತ್ತಿನ ಸದಸ್ಯರಾಗಿ ಪ್ರಮಾಣವಚನ ಸ್ವೀಕರಿಸಿದಾಗ ಅವರು ಚುನಾಯಿತರಲ್ಲ, ನಾಮನಿರ್ದೇಶಿತರು. ಅದೇ ವರ್ಷದ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಯ ನೀರನ್ನು ಸಾವಿರಾರು ಜನರೊಡನೆ ಮುಟ್ಟಿ ಕುಡಿದರು. ಈ ಘಟನೆಯನ್ನು ಬಂಡಾಯವೆಂದು ಮಾತ್ರ ನೋಡಿದರೆ ಅದರ ಒಂದು ಮುಖ ಮರೆಯಾಗುತ್ತದೆ. ಸಾರ್ವಜನಿಕ ಕೆರೆ ಬಾವಿಗಳು ಅಸ್ಪೃಶ್ಯರಿಗೂ ತೆರೆದಿರಬೇಕೆಂಬ ಎಸ್.ಕೆ. ಬೋಳೆ ಅವರ ಗೊತ್ತುವಳಿಯನ್ನು ಇದೇ ಪರಿಷತ್ತು 1923ರಲ್ಲಿಯೇ ಅಂಗೀಕರಿಸಿತ್ತು. ಮಹಾಡದ ಪುರಸಭೆಯೂ ಅದಕ್ಕೆ ಒಪ್ಪಿತ್ತು. ಕಾಗದದ ಮೇಲಿದ್ದ ಹಕ್ಕನ್ನು ಅಂಬೇಡ್ಕರರು ನೆಲದ ಮೇಲೆ ಚಲಾಯಿಸಿ ತೋರಿಸಿದರು.

ಅದೇ ಡಿಸೆಂಬರಿನಲ್ಲಿ ಎರಡನೆಯ ಬಾರಿ ಕೆರೆಗೆ ಹೋಗಲು ಸಹಸ್ರಾರು ಜನರು ಮಹಾಡದಲ್ಲಿ ಸೇರಿದರು. ಆದರೆ ಕೆರೆಯು ಖಾಸಗಿ ಸ್ವತ್ತೆಂದು ವಾದಿಸಿ ಎದುರಾಳಿಗಳು ನ್ಯಾಯಾಲಯದಿಂದ ತಡೆಯಾಜ್ಞೆ ತಂದಿದ್ದರು. ಮುನ್ನುಗ್ಗಲು ಜನರು ಕಾತರರಾಗಿದ್ದರೂ ಅಂಬೇಡ್ಕರರು ಅವರನ್ನು ತಡೆದು, ನ್ಯಾಯಾಲಯದ ಆಜ್ಞೆಯನ್ನು ಮೀರದೆ ಸತ್ಯಾಗ್ರಹವನ್ನು ಮುಂದೂಡಿದರು. ಮೊಕದ್ದಮೆಯು ಹತ್ತು ವರ್ಷ ನಡೆದು 1937ರ ಮಾರ್ಚಿನಲ್ಲಿ ಮುಂಬಯಿ ಹೈಕೋರ್ಟು ಅವರ ಪರವಾಗಿ ತೀರ್ಪಿತ್ತಿತು. ಒಂದು ಬೊಗಸೆ ನೀರಿಗಾಗಿ ಹತ್ತು ವರ್ಷ ನ್ಯಾಯಾಲಯದ ದಾರಿ ಕಾದ ಆ ತಾಳ್ಮೆ ಸಾಮಾನ್ಯವಾದುದಲ್ಲ.

ಪರಿಷತ್ತಿನ ಸದಸ್ಯರಾಗಿ 1928ರಲ್ಲಿ ಹೆರಿಗೆ ಸೌಲಭ್ಯ ಮಸೂದೆಯನ್ನು ಅವರು ಸಮರ್ಥಿಸಿದರು. ಗಿರಣಿಯಲ್ಲಿ ದುಡಿಯುವ ಹೆಂಗಸಿಗೆ ಹೆರಿಗೆಯ ಹಿಂದು ಮುಂದಿನ ದಿನಗಳಲ್ಲಿ ವಿಶ್ರಾಂತಿ ಕೊಡುವುದು ರಾಷ್ಟ್ರದ ಹಿತವೇ ಎಂಬುದು ಅವರ ನಿಲುವಾಗಿತ್ತು. ಆ ಮಸೂದೆ 1929ರಲ್ಲಿ ಕಾಯ್ದೆಯಾಯಿತು. ಆ ದಿನಗಳಲ್ಲಿ ಬೆಳಗಾವಿ, ಧಾರವಾಡ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದರಿಂದ ಅವರ ಕಾರ್ಯವು ಕನ್ನಡ ನೆಲಕ್ಕೂ ಹಬ್ಬಿತ್ತು. ಅವರು ಸ್ಥಾಪಿಸಿದ ಶಿಕ್ಷಣ ಸಂಸ್ಥೆಯ ಆಶ್ರಯದಲ್ಲಿ ಧಾರವಾಡದಲ್ಲಿ ಬಡ ವಿದ್ಯಾರ್ಥಿಗಳಿಗಾಗಿ ಒಂದು ವಸತಿನಿಲಯ ನಡೆಯಿತು.

ದುಂಡುಮೇಜಿನ ಪರಿಷತ್ತುಗಳು, 1932ರ ಪುಣೆ ಒಪ್ಪಂದ ಇವೆಲ್ಲ ಮುಗಿದ ಮೇಲೆ ಅವರು ಪುನಃ ಸರ್ಕಾರಿ ಕಾನೂನು ಕಾಲೇಜಿಗೆ ಬಂದರು. 1935ರ ಮೇ 27ರಂದು ಪತ್ನಿ ರಮಾಬಾಯಿಯವರು ದೀರ್ಘಕಾಲದ ಅನಾರೋಗ್ಯದಿಂದ ತೀರಿಕೊಂಡರು. ಬಡತನದಲ್ಲಿ ಸಂಸಾರವನ್ನು ನೂಕಿದ, ಮಕ್ಕಳನ್ನು ಕಳೆದುಕೊಂಡ ಆ ತಾಯಿಯ ಅಗಲಿಕೆಯಿಂದ ಅವರು ತೀವ್ರವಾಗಿ ಕುಗ್ಗಿದರು. ಅದಾದ ಕೆಲವೇ ದಿನಗಳಲ್ಲಿ, ಜೂನ್ ತಿಂಗಳಲ್ಲಿ, ಅದೇ ಕಾಲೇಜಿನ ಪ್ರಾಂಶುಪಾಲರ ಹುದ್ದೆಯನ್ನು ಅವರು ವಹಿಸಿಕೊಳ್ಳಬೇಕಾಯಿತು. 1938ರವರೆಗೆ ಅವರು ಆ ಸ್ಥಾನದಲ್ಲಿದ್ದರು. ಚರ್ಚ್‌ಗೇಟ್ ನಿಲ್ದಾಣದ ಸಮೀಪದಲ್ಲಿರುವ ಈ ಕಾಲೇಜಿನ ಹೆಸರನ್ನು ಮುಂಬಯಿಯ ಕನ್ನಡಿಗರಲ್ಲಿ ಕೇಳದವರಿಲ್ಲ. ಶಾಲೆಯಲ್ಲಿ ನೀರಿನ ಪಾತ್ರೆ ಮುಟ್ಟಲು ಅಪ್ಪಣೆಯಿಲ್ಲದ ಹುಡುಗನೇ ಪ್ರಾಂತದ ಪ್ರತಿಷ್ಠಿತ ಕಾನೂನು ಕಾಲೇಜಿನ ಮುಖ್ಯಸ್ಥನಾಗಿದ್ದ.

ಅವರು ಬೋಧಿಸಿದ ವಿಷಯಗಳ ವ್ಯಾಪ್ತಿ ವಿಸ್ತಾರವಾದುದು. ಇಂಗ್ಲೆಂಡಿನ ಸಂವಿಧಾನ, ಡೊಮಿನಿಯನ್ ಸ್ಥಾನಮಾನ, ಸಾಕ್ಷ್ಯ ಕಾನೂನು, ಆಸ್ತಿ ವರ್ಗಾವಣೆ ಮೊದಲಾದ ವಿಷಯಗಳ ಮೇಲೆ ಅವರು ಸಿದ್ಧಪಡಿಸಿದ ಟಿಪ್ಪಣಿಗಳನ್ನು ಮಹಾರಾಷ್ಟ್ರ ಸರ್ಕಾರವು ಅವರ ಸಮಗ್ರ ಬರಹಗಳಲ್ಲಿ ಪ್ರಕಟಿಸಿದೆ. ಇಂಗ್ಲೆಂಡಿನ ಸಂವಿಧಾನಕ್ಕೆ ಒಂದೇ ಲಿಖಿತ ಗ್ರಂಥವಿಲ್ಲ. ಅದು ಬಹುಪಾಲು ಸಂಪ್ರದಾಯಗಳ ಮೇಲೆ, ಆಳುವವರ ನಡವಳಿಕೆಯ ಮೇಲೆ ನಿಂತಿದೆ. ಲಿಖಿತ ಸಂವಿಧಾನಕ್ಕೂ ಇಂತಹ ನಡವಳಿಕೆಯ ಬೆಂಬಲ ಬೇಕೆಂಬುದನ್ನು ಅವರು ಮುಂದೆ ಸಂವಿಧಾನ ಸಭೆಯಲ್ಲಿ ಒತ್ತಿ ಹೇಳಿದರು.

1936ರ ಆಗಸ್ಟಿನಲ್ಲಿ ಅವರು ಸ್ವತಂತ್ರ ಕಾರ್ಮಿಕ ಪಕ್ಷವನ್ನು ಕಟ್ಟಿದರು. 1937ರ ಆರಂಭದ ಚುನಾವಣೆಯಲ್ಲಿ ಭಾಯಖಳಾ-ಪರೇಲ್ ಗಿರಣಿ ಪ್ರದೇಶದಿಂದ ಸ್ಪರ್ಧಿಸಿದರು. ಅವರ ವಿರುದ್ಧ ಕಾಂಗ್ರೆಸ್ಸು ನಿಲ್ಲಿಸಿದ್ದು ಹೆಸರಾಂತ ಕ್ರಿಕೆಟ್ ಪಟು ಪಾಲ್ವಣಕರ್ ಬಾಳೂ ಅವರನ್ನು. ಚಮ್ಮಾರ ಸಮುದಾಯದಲ್ಲಿ ಧಾರವಾಡದಲ್ಲಿ ಹುಟ್ಟಿ, ತಮ್ಮ ಚೆಂಡಿನ ಕೈಚಳಕದಿಂದ ದೇಶದಲ್ಲೆಲ್ಲ ಖ್ಯಾತರಾಗಿದ್ದ ಬಾಳೂ ಅವರನ್ನು ಅಂಬೇಡ್ಕರರೂ ಹಿಂದೆ ಮೆಚ್ಚಿಕೊಂಡವರೇ. ಅಂಬೇಡ್ಕರರಿಗೆ 13,245 ಮತಗಳೂ ಬಾಳೂ ಅವರಿಗೆ 11,225 ಮತಗಳೂ ಬಿದ್ದುವು. ಬೆಳಗಾವಿ ಜಿಲ್ಲೆಯಿಂದ ಅವರ ಪಕ್ಷದ ಬಳವಂತರಾವ್ ವರಾಳೆಯವರು ಗೆದ್ದು ಬಂದರು.

ಹೀಗೆ 1937ರಲ್ಲಿ ಕಾನೂನು ಕಾಲೇಜಿನ ಪ್ರಾಂಶುಪಾಲರು ಚುನಾಯಿತ ಶಾಸಕರೂ ಆದರು. ಆ ವರ್ಷದ ಸೆಪ್ಟೆಂಬರಿನಲ್ಲಿ ಕೊಂಕಣದ ರೈತರನ್ನು ಹಿಂಡುತ್ತಿದ್ದ ಖೋತಿ ಪದ್ಧತಿಯನ್ನು ರದ್ದುಪಡಿಸುವ ಮಸೂದೆಯನ್ನು ಮಂಡಿಸಿದರು. 1938ರ ಜನವರಿಯಲ್ಲಿ ಸಾವಿರಾರು ರೈತರು ಮುಂಬಯಿಯಲ್ಲಿ ಮೆರವಣಿಗೆ ನಡೆಸಿದಾಗ ಅವರ ಮುಂದಾಳುಗಳಲ್ಲಿ ಅಂಬೇಡ್ಕರರೂ ಇದ್ದರು. ಮುಷ್ಕರದ ಹಕ್ಕನ್ನು ಮೊಟಕುಗೊಳಿಸುವ ಕೈಗಾರಿಕಾ ವಿವಾದ ಮಸೂದೆಯನ್ನು ಸಭೆಯೊಳಗೆ ವಿರೋಧಿಸಿದರು. ಅದೇ ವರ್ಷದ ನವೆಂಬರ್ 7ರಂದು ಕಾರ್ಮಿಕರೊಂದಿಗೆ ಬೀದಿಯಲ್ಲೂ ಪ್ರತಿಭಟಿಸಿದರು.

ಕನ್ನಡಿಗರಾದ ನಾವು ತಿಳಿದಿರಬೇಕಾದ ಇನ್ನೊಂದು ಪ್ರಸಂಗವಿದೆ. 1938ರ ಏಪ್ರಿಲಿನಲ್ಲಿ ಪ್ರತ್ಯೇಕ ಕರ್ನಾಟಕ ಪ್ರಾಂತದ ಬೇಡಿಕೆ ಮುಂಬಯಿ ಶಾಸನಸಭೆಯ ಮುಂದೆ ಬಂದಾಗ ಅಂಬೇಡ್ಕರರು ಅದನ್ನು ವಿರೋಧಿಸಿದರು. ಭಾಷೆ, ಧರ್ಮ, ಸಂಸ್ಕೃತಿಗಳ ಮೇಲಿನ ನಿಷ್ಠೆಯು ಭಾರತೀಯತೆಯ ನಿಷ್ಠೆಗೆ ಪೈಪೋಟಿಯಾಗಬಾರದೆಂಬುದು ಅವರ ವಾದವಾಗಿತ್ತು. ಏಕೀಕರಣದ ಕನಸು ಹೊತ್ತಿದ್ದ ಅಂದಿನ ಕನ್ನಡಿಗರಿಗೆ ಇದು ಕಹಿಯಾಗಿಯೇ ಕೇಳಿಸಿರಬೇಕು. ಆದರೆ ಅವರ ಅಭಿಪ್ರಾಯ ಅಲ್ಲಿಗೇ ನಿಲ್ಲಲಿಲ್ಲ. 1955ರಲ್ಲಿ ಭಾಷಾವಾರು ರಾಜ್ಯಗಳನ್ನು ಕುರಿತು ಬರೆದ ಪುಸ್ತಕದಲ್ಲಿ ಒಂದು ರಾಜ್ಯಕ್ಕೆ ಒಂದು ಭಾಷೆಯಿರುವುದು ಆಡಳಿತಕ್ಕೆ ಒಳ್ಳೆಯದೆಂದು ಒಪ್ಪಿಕೊಂಡರು. ಜೊತೆಗೆ, ಅಂತಹ ರಾಜ್ಯದಲ್ಲಿ ಬಹುಸಂಖ್ಯಾತ ಜಾತಿಗಳು ಸಣ್ಣ ಸಮುದಾಯಗಳನ್ನು ತುಳಿಯದಂತೆ ರಕ್ಷಣೆ ಬೇಕೆಂದೂ ಎಚ್ಚರಿಸಿದರು. ಹೊಸ ಪರಿಸ್ಥಿತಿಯಲ್ಲಿ ಹಳೆಯ ನಿಲುವನ್ನು ಮತ್ತೆ ಪರಿಶೀಲಿಸುವ ವಿದ್ವಾಂಸನ ಗುಣವನ್ನು ಇಲ್ಲಿ ಕಾಣಬಹುದು.

1942ರಿಂದ 1946ರವರೆಗೆ ವೈಸರಾಯರ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆಯನ್ನು ನಿರ್ವಹಿಸಿದರು. ಆದರೆ 1946ರ ಚುನಾವಣೆಗಳಲ್ಲಿ ಅವರು ಸ್ಥಾಪಿಸಿದ ಪರಿಶಿಷ್ಟ ಜಾತಿಗಳ ಒಕ್ಕೂಟವು ಹೀನಾಯವಾಗಿ ಸೋತಿತು. ಸಂವಿಧಾನ ಸಭೆಯ ಸದಸ್ಯರನ್ನು ಪ್ರಾಂತೀಯ ಶಾಸಕರು ಆರಿಸಬೇಕಾಗಿದ್ದುದರಿಂದ ಮುಂಬಯಿಯಿಂದ ಅವರು ಆಯ್ಕೆಯಾಗುವ ದಾರಿಯೇ ಮುಚ್ಚಿತು. ಜೋಗೇಂದ್ರನಾಥ ಮಂಡಲ್ ಮೊದಲಾದವರ ಬೆಂಬಲದಿಂದ ದೂರದ ಬಂಗಾಳದಿಂದ ಅವರು ಆಯ್ಕೆಯಾದರು. ಬಂಗಾಳದ ವಿಭಜನೆಯಿಂದ ಆ ಸ್ಥಾನವೂ ಹೋಯಿತು. ಅಷ್ಟರಲ್ಲಿ ಅವರ ವಿದ್ವತ್ತಿನ ಅಗತ್ಯವನ್ನು ಕಾಂಗ್ರೆಸ್ಸು ಮನಗಂಡಿತ್ತು. ಎಂ.ಆರ್. ಜಯಕರರ ರಾಜೀನಾಮೆಯಿಂದ ತೆರವಾದ ಸ್ಥಾನಕ್ಕೆ 1947ರ ಜುಲೈನಲ್ಲಿ ಮುಂಬಯಿಯಿಂದ ಅವರು ಆಯ್ಕೆಯಾದರು. ಸ್ವತಂತ್ರ ಭಾರತದ ಮೊದಲ ಕಾನೂನು ಮಂತ್ರಿಯಾದರು. ಆಗಸ್ಟ್ 29ರಂದು ಕರಡು ಸಮಿತಿ ರಚನೆಯಾಗಿ, ಅದರ ಅಧ್ಯಕ್ಷತೆಯೂ ಅವರ ಪಾಲಿಗೆ ಬಂದಿತು.

ಮಂಗಳೂರಿನಲ್ಲಿ ಜನಿಸಿದ ಬೆನಗಲ್ ನರಸಿಂಗ ರಾಯರು ಸಂವಿಧಾನ ಸಲಹೆಗಾರರಾಗಿ ಆರಂಭದ ಕರಡನ್ನು ಸಿದ್ಧಪಡಿಸಿದ್ದರು. ಮೈಸೂರಿನ ದಿವಾನರಾಗಿದ್ದ ಎನ್. ಮಾಧವರಾಯರು ಕರಡು ಸಮಿತಿಯ ಸದಸ್ಯರಲ್ಲೊಬ್ಬರಾಗಿದ್ದರು. ಆದರೂ ಸಾವು, ರಾಜೀನಾಮೆ, ಅನಾರೋಗ್ಯ ಮುಂತಾದ ಕಾರಣಗಳಿಂದ ಕೆಲಸದ ಬಹುಪಾಲು ಹೊರೆ ಅಂಬೇಡ್ಕರರ ಮೇಲೆಯೇ ಬಿದ್ದಿತೆಂಬುದನ್ನು ಸಮಿತಿಯ ಸದಸ್ಯರಾದ ಟಿ.ಟಿ. ಕೃಷ್ಣಮಾಚಾರಿಯವರೇ ಸಭೆಯಲ್ಲಿ ಹೇಳಿದರು. ಸೂಚಿತವಾದ ತಿದ್ದುಪಡಿಗಳು 7,635. ಮಂಡನೆಯಾಗಿ ಚರ್ಚೆಗೊಂಡವು 2,473. ಮಧುಮೇಹದಿಂದ ಬಳಲುತ್ತಿದ್ದರೂ ಅವರು ವಿಧಿವಿಧಿಗೂ ಎದ್ದು ನಿಂತು, ಆಕ್ಷೇಪಗಳಿಗೆ ಉತ್ತರಿಸಿದರು. ಆ ಚರ್ಚೆಗಳ ವರದಿಯನ್ನು ಓದಿದರೆ ತರಗತಿಯಲ್ಲಿ ಪ್ರಶ್ನೆಗಳನ್ನು ಎದುರಿಸುವ ಉಪಾಧ್ಯಾಯನ ಧಾಟಿಯೇ ಕಾಣುತ್ತದೆ. 1919ರಲ್ಲಿ ಅವರು ಯಾರ ಪರವಾಗಿ ಸಾಕ್ಷ್ಯ ನುಡಿದಿದ್ದರೋ ಆ ಜನರಿಗೂ 326ನೆಯ ವಿಧಿಯು ಉಳಿದೆಲ್ಲರೊಡನೆ ಸಮಾನವಾದ ಮತದಾನದ ಹಕ್ಕನ್ನು ನೀಡಿತು.

1949ರ ನವೆಂಬರ್ 25ರ ಸಮಾರೋಪ ಭಾಷಣದಲ್ಲಿ ಅವರು ಸಂಭ್ರಮಕ್ಕಿಂತ ಎಚ್ಚರಿಕೆಯನ್ನೇ ಹೆಚ್ಚಾಗಿ ನುಡಿದರು. ಸಂವಿಧಾನಾತ್ಮಕ ಮಾರ್ಗಗಳು ತೆರೆದಿರುವಾಗ ಸತ್ಯಾಗ್ರಹದಂತಹ ಮಾರ್ಗಗಳನ್ನೂ ಕೈಬಿಡಬೇಕೆಂದರು. ಸ್ವತಃ ಸತ್ಯಾಗ್ರಹ ನಡೆಸಿದವರ ಬಾಯಿಂದ ಬಂದ ಮಾತಾದ್ದರಿಂದ ಅದಕ್ಕೆ ತೂಕವಿತ್ತು. ರಾಜಕೀಯದಲ್ಲಿ ವ್ಯಕ್ತಿಪೂಜೆ ಸಲ್ಲದೆಂದರು. ಮತದಲ್ಲಿ ಸಮಾನತೆ, ಬದುಕಿನಲ್ಲಿ ಅಸಮಾನತೆ ಎಂಬ ವಿರೋಧಾಭಾಸವನ್ನು ಬೇಗನೆ ಪರಿಹರಿಸದಿದ್ದರೆ ಕಟ್ಟಿದ ಸೌಧವೇ ಕುಸಿಯುವುದೆಂದರು.

ಹಿಂದೂ ಸಂಹಿತೆ ಮಸೂದೆ ನೆನೆಗುದಿಗೆ ಬಿದ್ದಾಗ 1951ರ ಸೆಪ್ಟೆಂಬರಿನಲ್ಲಿ ಮಂತ್ರಿಪದವಿಗೆ ರಾಜೀನಾಮೆಯಿತ್ತರು. ಹೆಣ್ಣುಮಕ್ಕಳಿಗೆ ಆಸ್ತಿಯ ಹಕ್ಕು, ವಿವಾಹ ವಿಚ್ಛೇದನದ ಹಕ್ಕು ಮೊದಲಾದವುಗಳನ್ನು ನೀಡುವ ಆ ಮಸೂದೆಯನ್ನು ಅವರು ಸಂವಿಧಾನದಷ್ಟೇ ಮುಖ್ಯವೆಂದು ಭಾವಿಸಿದ್ದರು. ಕೆಲವೇ ತಿಂಗಳಲ್ಲಿ ಮೊದಲ ಮಹಾಚುನಾವಣೆ ಬಂದಿತು. ಸುಮಾರು 17 ಕೋಟಿ ಮತದಾರರು ಅರ್ಹರಾಗಿದ್ದ ಆ ಚುನಾವಣೆಯಲ್ಲಿ ಅವರು ಮುಂಬಯಿ ಉತ್ತರ ಕ್ಷೇತ್ರದ ಮೀಸಲು ಸ್ಥಾನಕ್ಕೆ ಸ್ಪರ್ಧಿಸಿದರು. ಕಾಂಗ್ರೆಸ್ಸಿನ ನಾರಾಯಣ ಕಾಜರೋಳ್ಕರರಿಗೆ 1,38,137 ಮತಗಳೂ ಅಂಬೇಡ್ಕರರಿಗೆ 1,23,576 ಮತಗಳೂ ಬಂದುವು. ಸಂವಿಧಾನ ಶಿಲ್ಪಿಯು 14,561 ಮತಗಳಿಂದ ಸೋತರು. ಫಲಿತಾಂಶವನ್ನು ಅಶೋಕ ಮೆಹತಾ ಅವರೊಂದಿಗೆ ಚುನಾವಣಾ ನ್ಯಾಯಮಂಡಳಿಯಲ್ಲಿ ಪ್ರಶ್ನಿಸಿದರು. ಅರ್ಜಿ ವಜಾ ಆಯಿತು. ಆ ತೀರ್ಮಾನವನ್ನೂ ಒಪ್ಪಿ ನಡೆದರು. ಅದೇ ವರ್ಷ ರಾಜ್ಯಸಭೆಗೆ ಆಯ್ಕೆಯಾಗಿ ಕೊನೆಯವರೆಗೂ ಅದರ ಸದಸ್ಯರಾಗಿದ್ದರು.

1954ರಲ್ಲಿ ವಿದರ್ಭದ ಭಂಡಾರಾ ಉಪಚುನಾವಣೆಯಲ್ಲಿ ಮತ್ತೊಮ್ಮೆ ಸ್ಪರ್ಧಿಸಿದರು. ಅದು ದ್ವಿಸದಸ್ಯ ಕ್ಷೇತ್ರ. ಪ್ರತಿ ಮತದಾರನಿಗೆ ಎರಡು ಮತಗಳು. ಎರಡನೆಯ ಮತವನ್ನು ಯಾರಿಗೂ ಹಾಕದೆ ವ್ಯರ್ಥ ಮಾಡಿಬಿಟ್ಟರೆ ತಮ್ಮ ನಾಯಕನ ಗೆಲುವು ಸುಲಭವಾಗುವುದೆಂದು ಕಾರ್ಯಕರ್ತರು ಲೆಕ್ಕ ಹಾಕಿದಾಗ ಅಂಬೇಡ್ಕರರು ಅದಕ್ಕೆ ಒಪ್ಪಲಿಲ್ಲವೆಂದು ಅಂದಿನವರ ನೆನಪುಗಳು ಹೇಳುತ್ತವೆ. ಸಂವಿಧಾನ ಬರೆದ ಕೈಯಿಂದಲೇ ಮತವನ್ನು ಹಾಳುಮಾಡಿಸಲು ಅವರ ಮನಸ್ಸು ಒಪ್ಪಲಿಲ್ಲ. ಆ ಚುನಾವಣೆಯಲ್ಲೂ ಅವರು ಸೋತರು.

ಅವರಿಗೆ ನಿರಾಶೆಯಾಗಲಿಲ್ಲವೆಂದಲ್ಲ. 1953ರಲ್ಲಿ ರಾಜ್ಯಸಭೆಯಲ್ಲಿ ಮಾತನಾಡುತ್ತ, ಈ ಸಂವಿಧಾನವನ್ನು ಸುಡಲು ತಾವೇ ಮೊದಲಿಗರಾಗಲು ಸಿದ್ಧರೆಂಬ ಅರ್ಥದ ಕಟುನುಡಿಯನ್ನೂ ಆಡಿದರು. ದೇವರಿಗೆಂದು ಕಟ್ಟಿದ ಗುಡಿಯಲ್ಲಿ ಅಸುರರು ಬಂದು ನೆಲೆಸಿದರೆ ಏನು ಗತಿಯೆಂದು ಎರಡು ವರ್ಷಗಳ ನಂತರ ಅದಕ್ಕೆ ವಿವರಣೆಯಿತ್ತರು. ಆ ನೋವನ್ನೂ ಅವರು ತೋಡಿಕೊಂಡದ್ದು ಸಂಸತ್ತಿನ ಒಳಗೆ ನಿಂತೇ ಎಂಬುದನ್ನು ಮರೆಯಬಾರದು.

ಅಧ್ಯಾಪನದ ಮೇಲಿನ ಅವರ ಪ್ರೀತಿಯೂ ಕಡೆಯವರೆಗೆ ಉಳಿಯಿತು. 1945ರಲ್ಲಿ ಪೀಪಲ್ಸ್ ಎಜುಕೇಶನ್ ಸೊಸೈಟಿಯನ್ನೂ, 1946ರಲ್ಲಿ ಮುಂಬಯಿಯಲ್ಲಿ ಸಿದ್ಧಾರ್ಥ ಕಾಲೇಜನ್ನೂ ಸ್ಥಾಪಿಸಿದರು. ಉದ್ಯೋಗದಲ್ಲಿರುವವರಿಗೂ ಅನುಕೂಲವಾಗಲೆಂದು ಅಲ್ಲಿ ಬೆಳಗಿನ ಹೊತ್ತೇ ತರಗತಿಗಳು ನಡೆದುವು. ಹಗಲು ಹೋಟೆಲು, ಕಚೇರಿಗಳಲ್ಲಿ ದುಡಿದು, ರಾತ್ರಿಶಾಲೆಗಳಲ್ಲಿ ಓದಿ ಮುಂದೆ ಬಂದ ಮುಂಬಯಿ ಕನ್ನಡಿಗರಿಗೆ ಈ ವ್ಯವಸ್ಥೆಯ ಬೆಲೆಯನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅಪಾರ ಜನಸ್ತೋಮದೊಂದಿಗೆ ಬೌದ್ಧ ಧರ್ಮವನ್ನು ಸ್ವೀಕರಿಸಿದರು. ಎರಡು ತಿಂಗಳೂ ತುಂಬುವ ಮುನ್ನ, ಡಿಸೆಂಬರ್ 6ರಂದು, ದೆಹಲಿಯ ಅಲಿಪುರ ರಸ್ತೆಯ ನಿವಾಸದಲ್ಲಿ ಕೊನೆಯುಸಿರೆಳೆದರು. ಪಾರ್ಥಿವ ಶರೀರವನ್ನು ವಿಮಾನದಲ್ಲಿ ಮುಂಬಯಿಗೆ ತಂದು, ಅವರು ಪುಸ್ತಕಗಳಿಗೆಂದೇ ವಿಶಾಲವಾಗಿ ಕಟ್ಟಿಸಿದ್ದ ದಾದರಿನ ರಾಜಗೃಹದಲ್ಲಿ ದರ್ಶನಕ್ಕಿಡಲಾಯಿತು. ಮರುದಿನ ದಾದರ್ ಕಡಲತೀರದಲ್ಲಿ ಅಂತ್ಯಸಂಸ್ಕಾರ ನಡೆಯಿತು. 1952ರಲ್ಲಿ ಅವರನ್ನು ಸೋಲಿಸಿದ ನಗರವೇ ಲಕ್ಷಾಂತರ ಸಂಖ್ಯೆಯಲ್ಲಿ ಅವರ ಹಿಂದೆ ನಡೆಯಿತು. 1990ರಲ್ಲಿ ರಾಷ್ಟ್ರವು ಮರಣೋತ್ತರವಾಗಿ ಭಾರತರತ್ನವನ್ನಿತ್ತು ಗೌರವಿಸಿತು.

ಗೆದ್ದಾಗ ಸಂವಿಧಾನವನ್ನು ಹೊಗಳುವುದು ಸುಲಭ. ಸೋತಾಗ, ನಿಯಮವನ್ನು ತುಸು ಬಗ್ಗಿಸಿದರೆ ಗೆಲುವು ಕೈಗೆಟುಕುವಂತಿರುವಾಗ, ಅದಕ್ಕೆ ಬದ್ಧನಾಗಿರುವುದು ಕಷ್ಟ. ಮಹಾಡದ ಕೆರೆಯ ದಂಡೆಯಲ್ಲಿಯೂ ಭಂಡಾರಾದ ಚುನಾವಣಾ ಕಣದಲ್ಲಿಯೂ ಅಂಬೇಡ್ಕರರು ಆ ಕಷ್ಟದ ದಾರಿಯನ್ನೇ ಆರಿಸಿಕೊಂಡರು. ಇಂದು ನಮ್ಮ ಸಂಘ ಸಂಸ್ಥೆಗಳ ಸಣ್ಣ ಚುನಾವಣೆಗಳಲ್ಲಿಯೂ ಸೋತವರು ಮುನಿಸಿಕೊಂಡು ಹೊರನಡೆಯುವುದನ್ನು, ಗೆದ್ದವರು ನಿಯಮಗಳನ್ನು ಬದಿಗಿಡುವುದನ್ನು ಕಾಣುತ್ತೇವೆ. ಮುಂದಿನ ಡಿಸೆಂಬರ್ 6ರಂದು ದಾದರಿನ ಜನಜಂಗುಳಿಯಲ್ಲಿ ಸಾಗುವಾಗ, ಅದರಿಂದ ರೈಲು ತಡವಾಯಿತೆಂದು ಗೊಣಗುವ ಬದಲು, ಆ ಪ್ರಾಧ್ಯಾಪಕರು ನಡೆದು ತೋರಿಸಿದ ಪಾಠವನ್ನು ನಮ್ಮ ಮಕ್ಕಳಿಗೆ ತಿಳಿಸಿಹೇಳೋಣ.